ಹೆಚ್ಚಿನ ಘಾತದ ಬಹುಪದೋಕ್ತಿಯ ಮೂಲಗಳು: ಅಪವರ್ತನವೋ, ನ್ಯೂಟನ್–ರಾಫ್ಸನ್ ವಿಧಾನವೋ?

ಮಂಗಳೂರಿನಲ್ಲಿ ಪಿಯುಸಿ ಓದುತ್ತ ಸಿಇಟಿಗೆ ಸಿದ್ಧರಾಗುವವರಿಗೂ ಸುರತ್ಕಲ್ ಅಥವಾ ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದುವವರಿಗೂ ಬಹುಪದೋಕ್ತಿಯ ಮೂಲಗಳನ್ನು, ಅಂದರೆ ಅದನ್ನು ಸೊನ್ನೆಯಾಗಿಸುವ ಬೆಲೆಗಳನ್ನು, ಯಾವ ವಿಧಾನದಿಂದ ಹುಡುಕುವುದು ಮೇಲು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ.

ಸಿಇಟಿಯಲ್ಲಿ ಕ್ಯಾಲ್ಕುಲೇಟರ್‌ಗೆ ಅವಕಾಶವಿಲ್ಲದ ಕಾರಣ ಅಲ್ಲಿ ಅಪವರ್ತನಕ್ಕೆ ಸಂಶ್ಲೇಷಿತ ಭಾಗಾಕಾರವೇ (ಸಹಗುಣಕಗಳನ್ನಷ್ಟೇ ಬರೆದು ಭಾಗಿಸುವ ಕ್ರಮ) ಮೇಲು. ಸಹಗುಣಕಗಳು 1, −5, 5, 5, −6 ಆಗಿರುವ ನಾಲ್ಕನೇ ಘಾತದ ಬಹುಪದೋಕ್ತಿಯನ್ನು ನೋಡಿ. ಮೊದಲ ಸಹಗುಣಕ 1 ಆಗಿರುವುದರಿಂದ, ಭಾಗಲಬ್ಧ ಮೂಲವೇನಾದರೂ ಇದ್ದರೆ ಅದು 6ನ್ನು ಭಾಗಿಸುವ ಪೂರ್ಣಾಂಕವೇ ಆಗಿರಬೇಕು. ಸಹಗುಣಕಗಳ ಮೊತ್ತ ಸೊನ್ನೆಯಾದ್ದರಿಂದ 1 ಒಂದು ಮೂಲ. ಭಾಗಿಸಿದರೆ 1, −4, 1, 6 ಉಳಿಯುತ್ತದೆ. ಮುಂದೆ −1ರಿಂದ ಭಾಗಿಸಿದಾಗ ಉಳಿಯುವ 1, −5, 6 ಎಂಬ ವರ್ಗ ಬಹುಪದೋಕ್ತಿಯು 2 ಮತ್ತು 3ನ್ನು ಕೊಡುತ್ತದೆ. ಉತ್ತರ ನಿಖರ, ಕೆಲಸ ನಾಲ್ಕು ಸಾಲಿನದು.

ಆದರೆ 1, 0, 0, 0, −1, −1 ಎಂಬ ಐದನೇ ಘಾತದ ಬಹುಪದೋಕ್ತಿಯಲ್ಲಿ 1 ಮತ್ತು −1 ಎರಡೂ ಸೋಲುತ್ತವೆ. ಐದನೇ ಘಾತಕ್ಕೆ ಕರಣಿಗಳ (ವರ್ಗಮೂಲ, ಘನಮೂಲ ಮುಂತಾದವುಗಳ) ಸಾಮಾನ್ಯ ಸೂತ್ರವೂ ಇಲ್ಲವೆಂದು ಗಣಿತಜ್ಞ ಆಬೆಲ್ 1824ರಲ್ಲೇ ಸಾಧಿಸಿದ್ದಾನೆ. ಇಲ್ಲಿ, ಒಂದು ಊಹೆಯನ್ನು ಹಂತಹಂತವಾಗಿ ತಿದ್ದುತ್ತ ಮೂಲದ ಹತ್ತಿರ ಸಾಗುವ ನ್ಯೂಟನ್–ರಾಫ್ಸನ್ ವಿಧಾನವು 1ರಿಂದ ಹೊರಟು 1.25, 1.1785 ಎಂದು ಸಾಗಿ 1.1673ರ ಬಳಿ ನಿಲ್ಲುತ್ತದೆ. ಆರಂಭದ ಊಹೆ ಕೆಟ್ಟರೆ ಅದು ದಾರಿ ತಪ್ಪುವುದೂ ಉಂಟು. ವಾಸ್ತವ ಊಹೆಯಿಂದ ಹೊರಟರೆ ಉಳಿದ ನಾಲ್ಕು ಸಂಕೀರ್ಣ ಮೂಲಗಳು ಅದಕ್ಕೆ ಸಿಗುವುದಿಲ್ಲ. ಹೀಗಾಗಿ ಎಂಜಿನಿಯರಿಂಗ್‌ನವರೂ ಮೊದಲು ಪೂರ್ಣಾಂಕಗಳನ್ನು ಪರೀಕ್ಷಿಸಿ, ಘಾತವನ್ನು ಇಳಿಸಿಕೊಂಡು, ಆಮೇಲಷ್ಟೇ ಕ್ಯಾಲ್ಕುಲೇಟರ್ ಹಿಡಿಯುವುದು ಲೇಸು.