ಫ್ರಿಜ್ಜಿನೊಳಗೆ ಇಟ್ಟ ಪುಟ್ಟ ಥರ್ಮಾಮೀಟರ್

ನಮ್ಮ ಮನೆಯಲ್ಲಿ ಹಾಲು ಎರಡೇ ದಿನಕ್ಕೆ ಒಡೆಯುತ್ತಿತ್ತು. ಸೊಪ್ಪು ಮೂರನೇ ದಿನಕ್ಕೆ ಲೋಳೆ. ಎಸೆಯುವಾಗಲೆಲ್ಲ ಅಮ್ಮ, "ಬೇಕಾದಷ್ಟೇ ತರಬಾರದೇನೇ?" ಎನ್ನುತ್ತಿದ್ದರು. ನಾನೂ ತಪ್ಪು ನನ್ನದೇ ಅಂದುಕೊಂಡು ಸುಮ್ಮನಾಗುತ್ತಿದ್ದೆ.

ಆರು ತಿಂಗಳ ಹಿಂದೆ ಒಂದು ಫ್ರಿಜ್ ಥರ್ಮಾಮೀಟರ್ ತಂದೆ. ಗಡಿಯಾರದ ಹಾಗೆ ಮುಳ್ಳಿರುವ, ಸೆಲ್ ಬೇಡದ, ಅಂಗೈಗಿಂತ ಚಿಕ್ಕದು. ನಡುವಿನ ಶೆಲ್ಫಿನಲ್ಲಿ ರಾತ್ರಿಯಿಡೀ ಇಟ್ಟೆ. ಬೆಳಗ್ಗೆ ಬಾಗಿಲು ತೆರೆದವಳೇ ಮುಳ್ಳು ನೋಡಿದೆ. 10 ಡಿಗ್ರಿ! ಇರಬೇಕಾದ್ದು 5ರೊಳಗೆ. ಫ್ರಿಜ್ ಓಡುತ್ತಿದೆ, ಒಳಗೆ ಕೈ ಇಟ್ಟರೆ ತಣ್ಣಗಿದೆ, ಇನ್ನೇನು ನೋಡಬೇಕು ಅಂತ ಇಷ್ಟು ವರ್ಷ ಕಳೆದಿದ್ದೆವು.

ಒಳಗಿನ ತಿರುಗುಗುಂಡಿ 2ರಲ್ಲಿತ್ತು. ಅಂದರೆ 2 ಡಿಗ್ರಿ ಅಂತ ಮನೆಯವರೆಲ್ಲ ತಿಳಿದಿದ್ದೆವು. ಗುಂಡಿ ಇರುವ ಹೆಚ್ಚಿನ ಫ್ರಿಜ್‌ಗಳಲ್ಲಿ ಆ ಅಂಕಿ ಡಿಗ್ರಿಯಲ್ಲ. ಅಂಕಿ ಏರಿದಷ್ಟೂ ತಂಪು ಜಾಸ್ತಿ, ಅಷ್ಟೇ. 5ಕ್ಕೆ ತಿರುಗಿಸಿದರೆ ಹಿಂಬದಿಯ ಸೊಪ್ಪು ಹೆಪ್ಪುಗಟ್ಟಿತು. 4ಕ್ಕೆ ಇಳಿಸಿ ಒಂದು ದಿನ ಬಿಟ್ಟೆ. ಮುಳ್ಳು 4 ಡಿಗ್ರಿಗೆ ಬಂದು ನಿಂತಿತು.

ಆಮೇಲೆ ಅದನ್ನು ಜಾಗದಿಂದ ಜಾಗಕ್ಕೆ ಇಟ್ಟು ನೋಡಿದೆ. ನಿಜವಾದ ಉಪಯೋಗ ಸಿಕ್ಕಿದ್ದು ಆಗಲೇ. ಬಾಗಿಲಿನ ತಟ್ಟೆಯಲ್ಲಿ 8 ಡಿಗ್ರಿ. ನಾವು ಹಾಲು ಇಡುತ್ತಿದ್ದುದು ಅಲ್ಲೇ ಅಲ್ವಾ! ಹಾಲನ್ನು ಒಳಗೆ ಹಿಂದಕ್ಕೆ ಸರಿಸಿದೆ, ಬಾಗಿಲಿಗೆ ಉಪ್ಪಿನಕಾಯಿ ಬಾಟಲಿ ಬಂತು. ಡಬ್ಬಗಳನ್ನು ಒತ್ತೊತ್ತಿ ತುಂಬಿದ ದಿನ ಮುಳ್ಳು ಮೇಲೇರುತ್ತದೆ, ಗಾಳಿ ಓಡಾಡಲು ಜಾಗವಿರುವುದಿಲ್ಲ. ಈಗ ಹಾಲು ಎಸೆದು ನೆನಪಿಲ್ಲ. ಸೊಪ್ಪು ವಾರ ಬರುತ್ತದೆ.

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯಂತೆ, 2022ರಲ್ಲಿ ಜಗತ್ತಿನಲ್ಲಿ 105 ಕೋಟಿ ಟನ್ ಆಹಾರ ಪೋಲಾಯಿತು. ಅದರಲ್ಲಿ ಶೇಕಡಾ 60ರಷ್ಟು ಮನೆಗಳದ್ದೇ. ಅದನ್ನು ಓದಿದಾಗ ನನಗೆ ದೊಡ್ಡ ಔತಣಗಳಲ್ಲ, ನಮ್ಮ ಒಡೆದ ಹಾಲೇ ಕಣ್ಣ ಮುಂದೆ ಬಂತು.

ಕೊರತೆಗಳೂ ಇವೆ. ಕೊಕ್ಕೆ ಸಡಿಲ, ಡಬ್ಬ ಎಳೆದಾಗಲೆಲ್ಲ ಥರ್ಮಾಮೀಟರ್ ಬೀಳುತ್ತದೆ. ಫ್ಯಾರನ್‌ಹೀಟ್ ಅಂಕಿ ದಪ್ಪ, ಸೆಲ್ಸಿಯಸ್ ಸಣ್ಣ. ಅಮ್ಮನಿಗೆ ಕನ್ನಡಕ ಬೇಕೇ ಬೇಕು. ಮುಳ್ಳು ನಿಧಾನ. ಅಡುಗೆ ಹೊತ್ತಲ್ಲಿ ಬಾಗಿಲು ಪದೇ ಪದೇ ತೆರೆದಾಗ ಅಂಕಿ ಏರುತ್ತದೆ, ಗಾಬರಿ ಬೇಡ. ಬೆಳಗ್ಗೆ ನೋಡಿದ್ದೇ ಲೆಕ್ಕ.

ಇದೊಂದಿದ್ದರೆ ಎಲ್ಲವೂ ಉಳಿಯುತ್ತದೆ ಅಂದುಕೊಳ್ಳಬೇಡಿ. ತಂಪು ಬ್ಯಾಕ್ಟೀರಿಯಾ ಬೆಳೆಯುವುದನ್ನು ನಿಧಾನ ಮಾಡುತ್ತದೆ, ಕೊಲ್ಲುವುದಿಲ್ಲ. ಮಿಕ್ಕ ಅನ್ನವನ್ನು ಎರಡು ಗಂಟೆಯೊಳಗೆ ಒಳಗಿಡಲೇಬೇಕು. ಸೇಬಿನ ಪಕ್ಕ ಸೊಪ್ಪಿಟ್ಟರೆ ಎಷ್ಟೇ ತಂಪಿದ್ದರೂ ಬೇಗ ಹಳದಿಯಾಗುತ್ತದೆ, ಸೇಬು ಬಿಡುವ ಎಥಿಲೀನ್ ಅನಿಲ ಅದಕ್ಕೆ ಕಾರಣ.

ಕೊಳ್ಳುವುದಾದರೆ ಸೆಲ್ಸಿಯಸ್ ಅಂಕಿ ದೊಡ್ಡದಿರುವುದನ್ನು, ಕೊಕ್ಕೆಯ ಜೊತೆ ನಿಲ್ಲಿಸಲು ಕಾಲೂ ಇರುವುದನ್ನು ಆರಿಸಿ.