ಸ್ಮಾರ್ಟ್ ಮೀಟರ್ ಇದೆ ಅಂತ ಸೋಲಾರ್ ಆನ್ ಮಾಡ್ಬೇಡಿ, ಯಾವ ಮೀಟರ್ ಅಂತ ಮೊದ್ಲು ನೋಡಿ

ತೀರ್ಥಹಳ್ಳಿ ಹತ್ರ ನಮ್ಮ ಹೊಸ ಮನೆ, ಹೊಸ ಕನೆಕ್ಷನ್ ಆಗಿದ್ದಕ್ಕೆ ಸ್ಮಾರ್ಟ್ ಮೀಟರೇ, ಅಂದ್ರೆ ರೀಡಿಂಗನ್ನ ತಾನೇ ಆಫೀಸಿಗೆ ಕಳಿಸೋ ಮೀಟರ್, ಹಾಕಿದ್ರು. ಆಮೇಲೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದ್ವಿ, ಕೇಂದ್ರದಿಂದ 78,000 ಸಬ್ಸಿಡಿ ಇದೆಯಲ್ಲ ಅಂತ. ಒಂದೇ ತಿಂಗ್ಳಲ್ಲಿ ಕರೆಂಟ್ ಬಿಲ್ ಇಳಿಯೋ ಬದ್ಲು ಯೂನಿಟ್ ಡಬ್ಬಲ್ ಆಗಿ ಬಂತು. ನಮ್ಮ ಥರ ಇನ್ಯಾರೂ ದುಡ್ಡು ಕಳ್ಕೋಬಾರ್ದು, ಅದಕ್ಕೇ ಇದನ್ನ ಬರೀತಿದೀನಿ.

ಪ್ಯಾನಲ್ ಫಿಟ್ ಮಾಡಿದೋನು ಅಪ್ಪನಿಗೆ ಹೇಳಿದ್ದು ಇಷ್ಟೇ, "ಗೌಡ್ರೇ, ನಿಮ್ದು ಸ್ಮಾರ್ಟ್ ಮೀಟರ್ ಅಲ್ವಾ, ಹೋಗೋದು ಬರೋದು ಎಲ್ಲ ಅದೇ ಲೆಕ್ಕ ಹಾಕ್ಕೊಳತ್ತೆ, ಕರೆಂಟ್ ಆಫೀಸಿನೋರು ಬರೋತನಕ ಸುಮ್ನೆ ಯಾಕೆ ಬಿಸ್ಲು ವೇಸ್ಟ್ ಮಾಡ್ತೀರಿ." ಮಾರ್ಚ್ 10ಕ್ಕೆ ಆನ್ ಮಾಡಿಬಿಟ್ವಿ. ನಾನೂ ಅಲ್ಲೇ ನಿಂತಿದ್ದೆ, ಕೇಳ್ಲಿಲ್ಲ.

ನಮ್ಮ ಮನೇಲಿ ದಿನಕ್ಕೆ 5 ಯೂನಿಟ್ ಖರ್ಚು, ಹಗಲು 2 ರಾತ್ರಿ 3 ಅಂತ ಇಟ್ಕೊಳಿ. ಮಾರ್ಚ್ ಬಿಸ್ಲಲ್ಲಿ ಪ್ಯಾನಲ್ 12 ಯೂನಿಟ್ ಕೊಡ್ತಿತ್ತು, ಅದ್ರಲ್ಲಿ 2 ಮನೆಗೆ, 10 ಲೈನಿಗೆ ಹೋಗ್ತಿತ್ತು. ಮೀಟರ್ ಆ 10ನ್ನೂ ನಾವೇ ಬಳಸಿದ್ದು ಅಂತ ಬರ್ಕೊಳ್ತಿತ್ತು, ರಾತ್ರೀದು 3 ಸೇರಿ ದಿನಕ್ಕೆ 13! ಆನ್ ಮಾಡೋ ಮುಂಚಿನ ದಿನಗಳದ್ದೂ ಸೇರಿ ತಿಂಗ್ಳ ಕೊನೇಲಿ 318 ಯೂನಿಟ್. 200 ದಾಟಿದ್ಮೇಲೆ ಗೃಹಜ್ಯೋತಿನೂ ಇಲ್ಲ, ಪೂರ್ತಿ ಬಿಲ್ ನಾವೇ ಕಟ್ಬೇಕು. ಅಮ್ಮ ಪಾಪ ಫ್ರಿಜ್ ಕೆಟ್ಟಿದೆ ಅಂತ ಅದನ್ನ ಎರಡು ದಿನ ಆಫ್ ಮಾಡಿಟ್ಟಿದ್ರು.

ಕೊನೆಗೆ ಲೈನ್‌ಮ್ಯಾನ್ ಅಣ್ಣ ಬಂದು ತೋರಿಸಿದ್ದು. ಮಧ್ಯಾಹ್ನ 12 ಗಂಟೆ, ಮನೆ ಒಳಗಿನ ಎಲ್ಲಾ ಎಂಸಿಬಿ ಸ್ವಿಚ್ ಇಳಿಸಿದ್ರು, ಸೋಲಾರ್ ಮಾತ್ರ ಆನ್. ಒಂದು ಬಲ್ಬೂ ಉರೀತಿಲ್ಲ, ರೀಡಿಂಗ್ ಮಾತ್ರ ಏರ್ತಾನೇ ಇದೆ. ಹಿಂದೆ ಜನ ಮೀಟರಿಗೆ ವೈರ್ ಉಲ್ಟಾ ಕೊಟ್ಟು ರೀಡಿಂಗ್ ಹಿಂದಕ್ಕೆ ಓಡಿಸ್ತಿದ್ರಂತೆ, ಆ ಕಳ್ಳತನ ತಡೆಯೋಕೆ ಕರೆಂಟ್ ಯಾವ ಕಡೆ ಹರಿದ್ರೂ ಖರ್ಚು ಅಂತಲೇ ಕೂಡಿಸೋ ಹಾಗೆ ಮೀಟರ್ ಸೆಟ್ ಮಾಡಿರ್ತಾರೆ. ಅದನ್ನ ಫಾರ್ವರ್ಡ್ ಮೋಡ್ ಅಂತಾರೆ. ಹೋಗಿದ್ದು ಬೇರೆ ಬಂದಿದ್ದು ಬೇರೆ ಬರ್ಕೋಬೇಕು ಅಂದ್ರೆ ಇಂಪೋರ್ಟ್-ಎಕ್ಸ್‌ಪೋರ್ಟ್ ಮೋಡ್ ಇರ್ಬೇಕು, ಅದೇ ನೆಟ್ ಮೀಟರ್. ಎರಡೂ ಸ್ಮಾರ್ಟ್ ಮೀಟರೇ, ಹೊರಗಿಂದ ಡಬ್ಬ ಒಂದೇ ಥರ ಕಾಣತ್ತೆ ಮಾರಾಯ್ರೆ, ಅದೇ ಅಪಾಯ.

ಹಾಗಾಗಿ ಮೀಟರ್ ಮೈಮೇಲಿರೋ ಬರಹ ಓದಿ. ಐಎಸ್ (ಭಾರತೀಯ ಮಾನಕದ ನಂಬರ್) 16444 ಅಂತಿದ್ರೆ ಸ್ಮಾರ್ಟ್ ಮೀಟರ್, ಐಎಸ್ 13779 ಅಂತ ಮಾತ್ರ ಇದ್ರೆ ಮಾಮೂಲಿ ಡಿಜಿಟಲ್ ಮೀಟರ್. ಆದ್ರೆ 16444 ಅನ್ನೋ ನಂಬರ್ ನೋಡಿ ಸಮಾಧಾನ ಪಟ್ಕೋಬೇಡಿ, ಅದು ಯಾವ ಮೋಡಲ್ಲಿದೆ ಅಂತ ಆ ನಂಬರ್ ಹೇಳಲ್ಲ. ಬಟನ್ ಒತ್ತುತ್ತಾ ಡಿಸ್‌ಪ್ಲೇ ಪೂರ್ತಿ ನೋಡಿ, ಎಕ್ಸ್‌ಪೋರ್ಟ್ ಯೂನಿಟ್ ಬೇರೆ ಬರತ್ತಾ ಅಂತ. ಕೆಲವು ಮೀಟರಲ್ಲಿ 1.8.0 ಅಂದ್ರೆ ಇಂಪೋರ್ಟ್, 2.8.0 ಅಂದ್ರೆ ಎಕ್ಸ್‌ಪೋರ್ಟ್. ಅರ್ಥ ಆಗ್ಲಿಲ್ಲ ಅಂದ್ರೆ ಸೆಕ್ಷನ್ ಆಫೀಸಲ್ಲಿ ಕೇಳಿ, ಸೀಲ್ ಮಾತ್ರ ಮುಟ್ಬೇಡಿ, ಮೋಡ್ ಬದಲಾಯಿಸೋದು ಅವರ ಕೆಲ್ಸ, ಸೋಲಾರ್ ಫಿಟ್ ಮಾಡೋರದ್ದಲ್ಲ.

ಇನ್ನೊಂದು, ರೀಡಿಂಗನ್ನ ಸಿಮ್ ಮೂಲಕ ಕಳಿಸೋ ಮೀಟರೋ, ರೇಡಿಯೋದಲ್ಲಿ ಅಕ್ಕಪಕ್ಕದ ಮೀಟರಿಂದ ಮೀಟರಿಗೆ ದಾಟಿಸೋ ಆರ್‌ಎಫ್ ಮೀಟರೋ ಅಂತಲೂ ಕೇಳ್ಕೊಳಿ. ನಮ್ಮದು ತೋಟದ ಮಧ್ಯ ಒಂಟಿ ಮನೆ, ಫೋನಿಗೇ ನೆಟ್‌ವರ್ಕ್ ಬೇಕು ಅಂದ್ರೆ ಗುಡ್ಡ ಹತ್ಬೇಕು, ಇಂಥಾ ಕಡೆ ರೀಡಿಂಗ್ ತಾನಾಗೇ ಹೋಗತ್ತೆ ಅಂತ ನಂಬ್ಕೊಂಡು ಕೂರೋ ಹಾಗಿಲ್ಲ.

ದುಡ್ಡು ವಾಪಸ್ ಬರ್ಲಿಲ್ಲ. ಫಾರ್ವರ್ಡ್ ಮೋಡಲ್ಲಿ ಹೋಗಿದ್ದು ಬಂದಿದ್ದು ಎರಡೂ ಒಂದೇ ಲೆಕ್ಕದಲ್ಲಿ ಬೆರ್ತು ಹೋಗಿರತ್ತೆ, ಆಮೇಲೆ ಬಿಡಿಸೋಕಾಗಲ್ಲ. ಜೊತೆಗೆ ಕರೆಂಟ್ ಆಫೀಸಿನೋರು ಬಂದು ಚೆಕ್ ಮಾಡಿ ಲೈನಿಗೆ ಸೇರಿಸೋ ಮುಂಚೆ ಆನ್ ಮಾಡಿದ್ದು ನಮ್ದೇ ತಪ್ಪು, ಲೈನ್ ಮೇಲೆ ಕೆಲ್ಸ ಮಾಡೋರ ಜೀವಕ್ಕೂ ಅಪಾಯ ಆಗ್ಬಹುದಿತ್ತು ಅಂತ ಜೆಇ (ಜೂನಿಯರ್ ಇಂಜಿನಿಯರ್) ಬೈದ್ರು, ಬೈದಿದ್ದು ಸರಿನೇ.

ಈಗ ನೆಟ್ ಮೀಟರ್ ಆಗಿದೆ. ಸೀಲ್ ಹಾಕಿದ ದಿನವೇ ಇಂಪೋರ್ಟ್, ಎಕ್ಸ್‌ಪೋರ್ಟ್ ಎರಡರ ಫೋಟೋ ತೆಗ್ದಿಟ್ವಿ, ಮಾರನೇ ದಿನ ಮಧ್ಯಾಹ್ನ ಎಂಸಿಬಿ ಇಳಿಸಿ ಒಂದು ಗಂಟೆ ಕಾದು ನೋಡಿದ್ವಿ. ಇಂಪೋರ್ಟ್ ಅಲ್ಲಾಡ್ಲಿಲ್ಲ, ಎಕ್ಸ್‌ಪೋರ್ಟ್ ಮಾತ್ರ ಏರ್ತು.