ಬಾತುಕೋಳಿ ತತ್ತಿಗೆ ಮನೆ ಇನ್‌ಕ್ಯುಬೇಟರ್: ಬಾಗಲಕೋಟೆ ಹವೆಯಲ್ಲಿ ಬಳಸಿ ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ, ತತ್ತಿಗೆ ಕಾವು ಕೊಟ್ಟು ಮರಿ ಮಾಡಿಸುವ ಈ ಪೆಟ್ಟಿಗೆ ಕೋಳಿ ತತ್ತಿಗೆಂದು ಮಾಡಿದ್ದು. ಬಾತಿನ ತತ್ತಿಗೂ ಆಗುತ್ತದೆ, ಚೆನ್ನಾಗಿಯೇ ಆಗುತ್ತದೆ. ಆದರೆ ಜೊತೆಗೆ ಕೊಡುವ ಚೀಟಿಯನ್ನು ನಂಬಿ ಕೂರಬೇಡಿ. ಅದರಲ್ಲಿ 21 ದಿನ ಅಂತಿದೆ. ಬಾತಿಗೆ 28 ದಿನ ಬೇಕು, ಮಸ್ಕೊವಿ ತಳಿಯಾದರೆ 35.

ನಮ್ಮ ಮನೆ ನವನಗರದಲ್ಲಿ, ಬಾತುಗಳು ಗದ್ದನಕೇರಿ ಕಡೆಯ ಹೊಲದಲ್ಲಿ. ಎಲ್ಲವೂ ಖಾಕಿ ಕ್ಯಾಂಪ್‌ಬೆಲ್ ತಳಿ. ತತ್ತಿ ಇಡುವುದರಲ್ಲಿ ಎತ್ತಿದ ಕೈ, ಆದರೆ ಕಾವಿಗೆ ಕೂರುವುದು ತೀರಾ ಅಪರೂಪ. ಅವ್ವ ಜವಾರಿ ಕೋಳಿ ಕೆಳಗೆ ಬಾತಿನ ತತ್ತಿ ಇಟ್ಟು ಮರಿ ಮಾಡಿಸುತ್ತಿದ್ದಳು. ಒಂದು ಕೋಳಿ ಕೆಳಗೆ ಎಷ್ಟು ಹಿಡಿಸುತ್ತವೆ ಹೇಳಿ? ಅದಕ್ಕೇ ಈ ಪೆಟ್ಟಿಗೆ ತಂದೆವು. 48 ಕೋಳಿ ತತ್ತಿಯದ್ದು, ಬಾತಿನವು ಸುಮಾರು 30 ಕೂರುತ್ತವೆ.

ಕೊಳ್ಳುವಾಗ ಒಂದು ವಿಷಯ ಗಮನಿಸಿ. ಗುಣಿ ಗುಣಿಯ ಟ್ರೇ ಇರುವ ಮಾಡೆಲ್ ಬೇಡ, ಬಾತಿನ ತತ್ತಿ ದಪ್ಪ, ಗುಣಿಯಲ್ಲಿ ಸರಿಯಾಗಿ ಕೂರಲ್ಲ. ರೋಲರ್ ಕಡ್ಡಿಗಳದ್ದೇ ತಗೊಳ್ಳಿ. ನಮ್ಮದರಲ್ಲಿ ಕಡ್ಡಿಗಳ ಅಂತರ ಸರಿಸಬಹುದು, ಮೋಟಾರ್ ಎರಡು ತಾಸಿಗೊಮ್ಮೆ ತಾನೇ ತಿರುಗಿಸುತ್ತದೆ.

ಉಷ್ಣತೆ ವಿಷಯದಲ್ಲಿ ಪೂರ್ತಿ ಅಂಕ ಕೊಡುತ್ತೇನೆ. 37.5 ಸೆಲ್ಸಿಯಸ್‌ಗೆ ಇಟ್ಟರೆ ಅಲ್ಲೇ ನಿಲ್ಲುತ್ತದೆ. ಜ್ವರ ನೋಡುವ ಥರ್ಮಾಮೀಟರ್ ಒಳಗಿಟ್ಟು ತಾಳೆ ನೋಡಿದೆ, 99.5 ಫ್ಯಾರನ್‌ಹೀಟ್, ಸರಿಯಾಗಿದೆ.

ತೇವಾಂಶದ ಮೀಟರ್ ಮಾತ್ರ ನಂಬುವ ಹಾಗಿಲ್ಲ. ಪರೀಕ್ಷೆ ಸುಲಭ. ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ, ಒದ್ದೆಯಾಗುವಷ್ಟೇ ನೀರು ಬಿಡಿ. ಅದನ್ನೂ ಮೀಟರನ್ನೂ ಗಾಳಿಯಾಡದ ಡಬ್ಬಿಯಲ್ಲಿಟ್ಟು ರಾತ್ರಿಯಿಡೀ ಬಿಟ್ಟರೆ ಮೀಟರ್ ಶೇಕಡಾ 75 ತೋರಿಸಬೇಕು. ಪೆಟ್ಟಿಗೆಯ ಸೆನ್ಸರ್ 84 ತೋರಿಸಿತು. ಅಂದರೆ ಅದು 55 ಅಂದಾಗ ಒಳಗೆ ನಿಜಕ್ಕೂ ಇರುವುದು ಕಮ್ಮಿ. ಬೇರೆ ಮೀಟರ್ ಕೊಂಡು ಒಳಗಿಟ್ಟೆ. ಈ ಬೆಲೆಗೆ ಮಾರುವವರು ಸರಿಯಾದ ಸೆನ್ಸರ್ ಕೊಡಲೇಬೇಕಿತ್ತು.

ಯಾಕಿಷ್ಟು ಹೇಳುತ್ತಿದ್ದೇನೆ ಅಂದರೆ, ಬಾತಿನ ತತ್ತಿಯಲ್ಲಿ ಎಲ್ಲ ನಿಂತಿರುವುದು ತೇವದ ಮೇಲೆ. ಮೊದಲ 25 ದಿನ ಸುಮಾರು 55, ಕೊನೆಯ ಮೂರು ದಿನ 70ರ ಮೇಲೆ. ನಮ್ಮ ಒಣ ಹವೆಯಲ್ಲಿ ಪೆಟ್ಟಿಗೆಯ ನೀರಿನ ಕಾಲುವೆಯೊಂದೇ ಸಾಲಲ್ಲ. ನೀರು ಎಷ್ಟು ಆಳ ಇದೆ ಅನ್ನುವುದಲ್ಲ, ಎಷ್ಟು ಅಗಲಕ್ಕೆ ಹರಡಿದೆ ಅನ್ನುವುದು ಮುಖ್ಯ. ಕಾಲುವೆಯಲ್ಲಿ ಸ್ಪಂಜಿನ ತುಂಡು ನಿಲ್ಲಿಸಿದ ಮೇಲೆ ಸರಿಹೋಯಿತು. ಹೊರಗಿನಿಂದಲೇ ಪೈಪಿನಲ್ಲಿ ನೀರು ತುಂಬಿಸುವ ಅನುಕೂಲ ಕೊಟ್ಟಿದ್ದಾರೆ, ಅದು ನಿಜಕ್ಕೂ ಒಳ್ಳೆಯ ಕೆಲಸ.

ಹತ್ತನೇ ದಿನದಿಂದ 25ರವರೆಗೆ ದಿನಕ್ಕೊಮ್ಮೆ ಮುಚ್ಚಳ ತೆಗೆದು ಹತ್ತು ಹದಿನೈದು ನಿಮಿಷ ತಣಿಸಿ, ಉಗುರುಬೆಚ್ಚಗಿನ ನೀರು ಸಿಂಪಡಿಸುತ್ತೇನೆ. ತಾಯಿ ಬಾತು ಮೇಯಲು ಎದ್ದುಹೋಗಿ ಒದ್ದೆ ಮೈಯಲ್ಲಿ ವಾಪಸ್ ಬಂದು ಕೂರುತ್ತದಲ್ವಾ, ಹಾಗೆ. ಅರ್ಧ ತಾಸು ಕರೆಂಟ್ ಹೋದರೆ ಗಾಬರಿ ಬೇಡ ಅನ್ನುವುದೂ ಇದೇ ಕಾರಣಕ್ಕೆ. ಜಾಸ್ತಿ ಹೊತ್ತು ಹೋದರೆ 12 ವೋಲ್ಟ್ ಬ್ಯಾಟರಿಗೆ ಜೋಡಿಸಬಹುದು, ವೈರ್ ಜೊತೆಗೇ ಬರುತ್ತದೆ.

ಎಂಟನೇ ದಿನ ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚ್ ಹಚ್ಚಿ ತತ್ತಿಯ ದಪ್ಪ ತುದಿಗೆ ಹಿಡಿಯಿರಿ. ಕೆಂಪು ನರಗಳು ಜೇಡರ ಬಲೆಯಂತೆ ಹರಡಿರುತ್ತವೆ, ನಡುವೆ ಒಂದು ಕಪ್ಪು ಚುಕ್ಕೆ ಅಲುಗಾಡುತ್ತದೆ. ಬರೀ ಹಳದಿ ಬೆಳಕು ಕಂಡರೆ ಆ ತತ್ತಿ ತೆಗೆದುಬಿಡಿ, ಕೊಳೆತು ಒಡೆದರೆ ಉಳಿದವಕ್ಕೂ ಕೇಡು.

25ಕ್ಕೆ ರೋಲರ್ ನಿಲ್ಲಿಸಿ ಮುಚ್ಚಳ ಹಾಕಿದರೆ ಮತ್ತೆ ತೆಗೆಯಬಾರದು. ಇಲ್ಲಿ ಈ ಪೆಟ್ಟಿಗೆಯ ಪಾರದರ್ಶಕ ಮುಚ್ಚಳ ತುಂಬಾ ಉಪಕಾರಿ. ಚಿಪ್ಪಿನ ಮೇಲೆ ಮೊದಲು ಸಣ್ಣ ಬಿರುಕು ಏಳುತ್ತದೆ, ಆಮೇಲೆ ಏನೂ ಆಗಲ್ಲ. ಒಂದು ದಿನ ಪೂರ್ತಿ ಹಾಗೇ ಇರಬಹುದು, ಕೆಲವಕ್ಕೆ ಇನ್ನೂ ಹೆಚ್ಚು. ಒಳಗಿನ ಮರಿ ಆಗ ಹಳದಿ ಲೋಳೆಯ ಚೀಲವನ್ನು ಹೊಟ್ಟೆಯೊಳಗೆ ಎಳೆದುಕೊಳ್ಳುತ್ತಿರುತ್ತದೆ, ನರಗಳ ರಕ್ತ ಹೀರಿಕೊಳ್ಳುತ್ತಿರುತ್ತದೆ. ಕೈ ತಡೆಯದೆ ಚಿಪ್ಪು ಬಿಡಿಸಿದರೆ ರಕ್ತ ಸೋರಿ ಮರಿ ಸಾಯುತ್ತದೆ. ನನ್ನ ಮಗಳು ಪೆಟ್ಟಿಗೆ ಮುಂದೆ ಕೂತು ಚಡಪಡಿಸುತ್ತಿದ್ದಾಗ ಅವ್ವ, “ಅದರ ಪಾಡಿಗೆ ಅದನ್ನ ಬಿಡವ್ವ, ತಾನ ಬರ್ತೈತಿ” ಅಂದಳು. ಬಂತು. ಫಲವಾಗಿದ್ದ ತತ್ತಿಗಳಲ್ಲಿ ಮುಕ್ಕಾಲು ಪಾಲು ಮರಿಯಾದವು.

ಒಂದೇ ಒಂದು ಎಚ್ಚರಿಕೆ. ಇದು ಬಿಸಿ ಮಾಡುವ ಯಂತ್ರ, ತಂಪು ಮಾಡಲು ಬರಲ್ಲ. ಏಪ್ರಿಲ್, ಮೇನಲ್ಲಿ ತಗಡಿನ ಶೆಡ್ಡಿನಲ್ಲಿಟ್ಟರೆ ಹೊರಗಿನ ಬಿಸಿಲಿಗೇ ಒಳಗೆ 40 ದಾಟುತ್ತದೆ, ತತ್ತಿ ಬೆಂದಂತೆಯೇ. ಮಳೆಗಾಲ ಮುಗಿದ ಮೇಲೆ ಫೆಬ್ರವರಿವರೆಗೆ ನಮ್ಮ ಕಡೆಗೆ ಒಳ್ಳೆಯ ಕಾಲ.

ಪೆಟ್ಟಿಗೆ ಮಾರುವವರು ಮರಿಗೆ ಏನು ಹಾಕಬೇಕೆಂದು ಹೇಳುವುದಿಲ್ಲ. ಬೂಸ್ಟು ಹಿಡಿದ ಗೋವಿನಜೋಳ, ಹಳೇ ಶೇಂಗಾ ಹಿಂಡಿ ಮುಟ್ಟಿಸಲೇಬೇಡಿ. ಅದರಲ್ಲಿನ ಅಫ್ಲಾಟಾಕ್ಸಿನ್ ವಿಷಕ್ಕೆ ಬಾತುಮರಿ ಕೋಳಿಮರಿಗಿಂತ ಬಹಳ ಬೇಗ ಬಲಿಯಾಗುತ್ತದೆ. ಹೊಸ ಹಿಟ್ಟು, ಪಕ್ಕದಲ್ಲಿ ಮೂಗು ಮುಳುಗಿಸಿ ತೊಳೆದುಕೊಳ್ಳುವಷ್ಟು ಆಳದ ನೀರಿನ ಬಟ್ಟಲು, ಎರಡೂ ಮೊದಲೇ ತಯಾರಿರಲಿ.